ತುಟಿ ಮೇಲಿನ ಗುಳ್ಳೆ, ಹಾಸನ ಕಡೆಯ ಒಂದು ಸುರಕ್ಷಾ ಕ್ಲಿನಿಕ್ಕು, ಒಂದು ಚೀಟಿ ತುಂಬ ತಾರೀಕು: ನನ್ನ ರಿವ್ಯೂ

ಹೋಟ್ಲು, ಹೋಂಸ್ಟೇಗೆಲ್ಲಾ ರಿವ್ಯೂ ಬರೀತೀವಿ, ಆದ್ರೆ ನಿಜವಾಗ್ಲೂ ರಿವ್ಯೂ ಬೇಕಾಗಿದ್ದ ದಿನ ನನಗೆ ಒಂದೂ ಸಿಗ್ಲಿಲ್ಲ. ಅದಕ್ಕೇ ಇದನ್ನ ಬರೀತಿದೀನಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಒಂದು ಇರುತ್ತೆ, ಲೈಂಗಿಕವಾಗಿ ಹರಡೋ ಕಾಯಿಲೆಗಳನ್ನ ನೋಡೋ ಜಾಗ, ಜೊತೆಗೆ ಐಸಿಟಿಸಿ ಅಂತ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡೋ ರೂಮು. ನಾನು ಹೋಗಿದ್ದು ಅಲ್ಲಿಗೆ. ಯಾವ ಆಸ್ಪತ್ರೆ ಅಂತ ಹೆಸರು ಹಾಕಲ್ಲ, ಹಾಕಿದ್ರೆ ಅಲ್ಲಿನ ಕೌನ್ಸೆಲರ್ ಮೇಡಂ ಯಾರು ಅಂತ ಗೊತ್ತಾಗ್ಬಿಡುತ್ತೆ, ಅವ್ರು ನನ್ನ ವಿಷ್ಯ ಕಾಪಾಡಿದ್ದಾರೆ, ಅವ್ರ ವಿಷ್ಯ ನಾನೂ ಕಾಪಾಡ್ಬೇಕು.

ನಾನು ಚಿಕ್ಕಮಗಳೂರಿನವಳು, 27 ವರ್ಷ, ಮದುವೆ ಆಗಿಲ್ಲ, ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದ್ರಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಫೆಬ್ರವರಿ 8ಕ್ಕೆ ಮೂಡಿಗೆರೆ ಕಡೆ ಫ್ರೆಂಡ್ ಮದುವೆ ಇತ್ತು, ಅಲ್ಲಿ ಒಬ್ಬ ಹುಡುಗನ ಪರಿಚಯ ಆಯ್ತು, ಆ ರಾತ್ರಿ ಇಬ್ರೂ ಒಟ್ಟಿಗಿದ್ವಿ. ಇಬ್ರೂ ಇಷ್ಟಪಟ್ಟೇ. ಕಾಂಡೋಮ್ ಬಳಸಿದ್ವಿ, ಆದ್ರೆ ಮುತ್ತಿಗೆ ಯಾರೂ ಕಾಂಡೋಮ್ ಹಾಕಲ್ಲ, ಓರಲ್ ಮಾಡಿದಾಗಲೂ ನಾವು ಹಾಕಿರ್ಲಿಲ್ಲ. ಬೆಳಗ್ಗೆ ಎದ್ದು ಇಬ್ರೂ ತಿಂಡಿ ತಿಂದು ಅವ್ರವ್ರ ಊರಿಗೆ ಹೋದ್ವಿ. ಇದನ್ನ ಮುಚ್ಚಿಟ್ಟು ಬರೆದ್ರೆ ಓದೋರಿಗೆ ಉಪಯೋಗ ಇಲ್ಲ, ಅದಕ್ಕೇ ಇಷ್ಟು ಬಿಚ್ಚಿ ಹೇಳ್ದೆ.

16ನೇ ತಾರೀಕು ಸಂಜೆ ಕೆಳತುಟಿ ಬಲಗಡೆ ಅಂಚಲ್ಲಿ ಏನೋ ಜುಮ್ ಜುಮ್ ಅನ್ನೋಕೆ ಶುರುವಾಯ್ತು, ಖಾರ ತಗುಲಿದ ಹಾಗೆ ಸಣ್ಣ ಉರಿ. 17ಕ್ಕೆ ಬೆಳಗ್ಗೆ ಹಲ್ಲುಜ್ಜೋವಾಗ ನೋಡಿದ್ರೆ ಒಂದು ಗುಳ್ಳೆ. ಎದೆ ಧಸಕ್ ಅಂತು. ಒಂಬತ್ತು ದಿನ ಆಗಿತ್ತಲ್ಲ, ನನ್ನ ತಲೆ ಆ ಗುಳ್ಳೆನ ಸೀದಾ ಆ ರಾತ್ರಿಗೆ ತಂದು ಕಟ್ಟಿಹಾಕ್ತು. ಅಮ್ಮ ನೋಡಿ, ಉಷ್ಣ ಆಗಿದೆ ಕಣೇ, ಮಜ್ಜಿಗೆ ಕುಡಿ, ಬಿಸಿಲಲ್ಲಿ ಕಣದಲ್ಲಿ ಓಡಾಡ್ಬೇಡ ಅಂತ ಎಷ್ಟು ಹೇಳಿದ್ರೂ ಕೇಳಲ್ಲ ಅಂದ್ರು. ಆ ವಾರ ಸ್ಟಾಕ್ ಲೆಕ್ಕ ಹಾಕೋಕೆ ಅಂತ ಎರಡು ದಿನ ಪೂರ್ತಿ ಕಾಫಿ ಕಣದಲ್ಲೇ ನಿಂತಿದ್ದೆ, ನಿದ್ದೇನೂ ಸರಿಯಾಗಿರ್ಲಿಲ್ಲ. ಆದ್ರೆ ಅಮ್ಮನ ಮಾತು ಆಗ ನನ್ನ ಕಿವಿಗೇ ಬೀಳ್ಲಿಲ್ಲ.

ಸುರಕ್ಷಾ ಕ್ಲಿನಿಕ್ಕಿಗೆ ಹೋಗೋಕೆ ಮುಂಚೆ ನಾನು ಮಾಡಿದ ತಪ್ಪುಗಳನ್ನೂ ಬರೀತೀನಿ, ಯಾಕಂದ್ರೆ ತುಂಬಾ ಜನ ಇದೇ ದಾರಿಲೇ ಹೋಗ್ತಾರೆ ಅಂತ ಆಮೇಲೆ ಗೊತ್ತಾಯ್ತು.

ಮೊದಲ್ನೇದು ಮೆಡಿಕಲ್ ಶಾಪು. ತುಟಿ ತೋರಿಸ್ದೆ, ಅವ್ರು ಸರಿಯಾಗಿ ನೋಡಿದ್ರೋ ಇಲ್ವೋ, ಒಂದು ಟ್ಯೂಬ್ ಕೊಟ್ರು, ಹಚ್ಕೊಳಿ ಎರಡು ದಿನಕ್ಕೆ ಹೋಗುತ್ತೆ ಅಂತ. ಮನೆಗೆ ಬಂದು ಹಚ್ದೆ. ಅದು ಸ್ಟೀರಾಯ್ಡ್ ಬೆರೆಸಿದ ಮುಲಾಮು ಅಂತ ನಾಲ್ಕು ದಿನ ಆದ್ಮೇಲೆ ಡಾಕ್ಟ್ರು ಟ್ಯೂಬ್ ತಿರುಗಿಸಿ ಓದಿ ಹೇಳೋವರೆಗೂ ನನಗೆ ಗೊತ್ತಿರ್ಲಿಲ್ಲ. ವೈರಸ್ಸಿಂದ ಬಂದಿರೋ ಗುಳ್ಳೆಗೆ ಬರೀ ಸ್ಟೀರಾಯ್ಡ್ ಹಚ್ಚಿದ್ರೆ ಅಲ್ಲಿ ನಮ್ಮ ಮೈ ಮಾಡ್ತಿರೋ ಹೋರಾಟ ತಗ್ಗುತ್ತಂತೆ, ವೈರಸ್ಸಿಗೇ ಅನುಕೂಲ ಆಗುತ್ತಂತೆ. ಮಾರನೇ ದಿನಕ್ಕೆ ಒಂದು ಗುಳ್ಳೆ ಇದ್ದಿದ್ದು ನಾಲ್ಕೈದು ಸಣ್ಣ ನೀರುಗುಳ್ಳೆಗಳ ಗೊಂಚಲಾಗಿತ್ತು. ಮುಲಾಮಿಂದಾನೇ ಹಾಗಾಯ್ತು ಅಂತ ಹೇಳಲ್ಲ, ಈ ಗುಳ್ಳೆ ಬೆಳೆಯೋ ರೀತೀನೇ ಹಾಗೆ. ಆದ್ರೂ ಮುಖದ ಮೇಲೆ ಏನ್ ಬಂದ್ರೂ ಕೇಳಿ ಟ್ಯೂಬ್ ತಗೊಳೋ ಅಭ್ಯಾಸ ನಮ್ಮಲ್ಲಿ ಹೋಗ್ಬೇಕು.

ಎರಡ್ನೇದು ಒಂದು ಖಾಸಗಿ ಕ್ಲಿನಿಕ್. ಫೀಸ್ ಕಟ್ಟಿ ಒಳಗೆ ಹೋದ ತಕ್ಷಣ ಕೇಳಿದ ಮೊದಲ್ನೇ ಪ್ರಶ್ನೆ ಮದುವೆ ಆಗಿದ್ಯಾ ಅಂತ. ಇಲ್ಲ ಅಂದೆ. ಆಮೇಲೆ ನಾನು ಹೇಳೋಕೆ ಬಂದಿದ್ದೆಲ್ಲಾ ಗಂಟಲಲ್ಲೇ ಉಳ್ಕೊಂತು. ತುಟಿ ಗುಳ್ಳೆಗೂ ಮದುವೆಗೂ ಏನ್ ಸಂಬಂಧ, ಕೇಳ್ಬೇಕಾಗಿದ್ದು ಇತ್ತೀಚೆಗೆ ಯಾರ ಜೊತೆಗಾದ್ರೂ ಸಂಪರ್ಕ ಆಗಿತ್ತಾ ಅಂತ ಅಲ್ವಾ, ಅದಕ್ಕೆ ಮದುವೆ ಆದೋರೂ ಆಗದೋರೂ ಇಬ್ರೂ ಉತ್ತರ ಕೊಡ್ಬಹುದು. ನಾನೇ ಗಟ್ಟಿ ಮನಸ್ಸು ಮಾಡಿ ಅರ್ಧಂಬರ್ಧ ಹೇಳ್ದೆ, ಅವ್ರು ಮುಖ ಎತ್ತದೇ ಒಂದು ಟೆಸ್ಟ್ ಪ್ಯಾಕೇಜ್ ಬರೆದ್ರು, 4,800 ರೂಪಾಯಿ. 18ಕ್ಕೆ ರಕ್ತ ಕೊಟ್ಟೆ. ಯಾವ ಟೆಸ್ಟ್ ಯಾಕೆ ಅಂತ ಯಾರೂ ಹೇಳ್ಲಿಲ್ಲ.

19ಕ್ಕೆ ರಾತ್ರಿ ಹತ್ತು ಗಂಟೆಗೆ ವಾಟ್ಸಾಪಲ್ಲಿ ರಿಪೋರ್ಟ್ ಬಂತು. ಪಿಡಿಎಫ್ ತೆಗೆದ್ರೆ ಒಂದು ಸಾಲು ದಪ್ಪ ಅಕ್ಷರದಲ್ಲಿ, ಎಚ್‌ಎಸ್‌ವಿ 1 ಐಜಿಜಿ ಪಾಸಿಟಿವ್. ಎಚ್‌ಎಸ್‌ವಿ ಅಂದ್ರೆ ಹರ್ಪಿಸ್ ವೈರಸ್, ಐಜಿಜಿ ಅಂದ್ರೆ ಅದ್ರ ವಿರುದ್ಧ ಮೈ ರಕ್ತದಲ್ಲಿ ಮಾಡ್ಕೊಳೋ ಪ್ರತಿಕಾಯ. ಪಕ್ಕದ ರೂಮಲ್ಲಿ ಬಾಣಂತನಕ್ಕೆ ಬಂದಿರೋ ಅಕ್ಕ, ಎರಡು ತಿಂಗಳ ಮಗು, ಅಮ್ಮ ಮಗೂಗೆ ಜೋಗುಳ ಹಾಡ್ತಿದ್ರು, ನಾನು ದಿಂಬು ಬಾಯಿಗೆ ಒತ್ಕೊಂಡು ಅತ್ತೆ. ಹರ್ಪಿಸ್ ಅಂತ ಸರ್ಚ್ ಮಾಡಿದ್ರೆ ಗುಣ ಆಗಲ್ಲ, ಜೀವನಪೂರ್ತಿ ಅಂತೆಲ್ಲಾ ಬರುತ್ತೆ, ಚಿತ್ರಗಳಂತೂ ನೋಡೋಕಾಗಲ್ಲ. ಒಂದು ರಾತ್ರಿಗೆ ನನ್ನ ಬದುಕೇ ಹೋಯ್ತು ಅನ್ನೋ ಲೆಕ್ಕಕ್ಕೆ ಬಂದಿದ್ದೆ. ಅಷ್ಟು ಹೊತ್ತಲ್ಲಿ ಆ ರಿಪೋರ್ಟನ್ನ ಹಾಗೆ ಬರಿದೇ ಕಳಿಸೋ ಬದ್ಲು ಜೊತೆಗೆ ಎರಡು ಸಾಲು ವಿವರಣೆ, ಮಾತಾಡೋಕೆ ಒಂದು ನಂಬರ್ ಕೊಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಮಾತಾಡೋ ನಂಬರ್ ಇದೆ, 1097. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಫೋನಿಗೆ ದುಡ್ಡು ಕಟ್ ಆಗಲ್ಲ, ಹೆಸರು ಹೇಳ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. 20ಕ್ಕೆ ಮಧ್ಯಾಹ್ನ ಊಟದ ಬ್ರೇಕಲ್ಲಿ ಸ್ಕೂಟರ್ ತಗೊಂಡು ರತ್ನಗಿರಿ ಬೋರೆ ಹತ್ರ ಹೋಗಿ ಮರದ ಕೆಳಗೆ ನಿಲ್ಸಿ ಫೋನ್ ಮಾಡ್ದೆ. ಆ ಕಡೆ ಒಬ್ರು ಹೆಂಗಸು. ನಾನು ಹೇಳೋವರೆಗೂ ಸುಮ್ನೆ ಕೇಳ್ಕೊಂಡ್ರು. ಮುತ್ತಿಂದ ಎಚ್‌ಐವಿ ಹರಡಲ್ಲ ಅಂತ ಸ್ಪಷ್ಟವಾಗಿ ಹೇಳಿದ್ರು, ಗುಳ್ಳೆ ಏನು ಅಂತ ಫೋನಲ್ಲಿ ಹೇಳೋಕಾಗಲ್ಲ, ಒಣಗಿ ಹೋಗೋಕೆ ಮುಂಚೆ ಯಾರಾದ್ರೂ ಡಾಕ್ಟ್ರು ಕಣ್ಣಾರೆ ನೋಡ್ಬೇಕು, ಹತ್ರದ ಸರ್ಕಾರಿ ಆಸ್ಪತ್ರೆಲಿ ಸುರಕ್ಷಾ ಕ್ಲಿನಿಕ್ಕಿಗೆ ಹೋಗಿ ಅಂದ್ರು. ಹತ್ರದ್ದು ಅಂದ್ರೆ ನಮ್ಮೂರಿಂದೇ. ಅಲ್ಲಿ ನಮ್ಮ ಸಂಬಂಧಿಕರು ಇಬ್ರು ಕೆಲ್ಸ ಮಾಡ್ತಾರೆ, ನಮ್ಮ ಬೀದಿಯೋರು ದಿನಾ ಯಾರಾದ್ರೂ ಹೋಗ್ತಿರ್ತಾರೆ. ಅದನ್ನ ಹೇಳ್ದೆ. ಬೇರೆ ಊರಿಗೆ ಹೋದ್ರೂ ನೋಡ್ತಾರೆ, ಇಂಥ ಊರೋರೇ ಬರ್ಬೇಕು ಅಂತ ಇಲ್ಲ ಅಂದ್ರು. ಆ ಒಂದು ಮಾತಿಂದ ನನಗೆ ಉಸಿರು ಬಂತು.

21ಕ್ಕೆ ರಜಾ ಹಾಕಿ ಬೆಳಗ್ಗೆ ಬೇಲೂರು ಮೇಲೆ ಹಾಸನಕ್ಕೆ ಹೋಗೋ ಬಸ್ ಹತ್ತಿದೆ. ಆಧಾರ್ ತೋರಿಸಿ ಶಕ್ತಿ ಟಿಕೆಟ್, ದುಡ್ಡಿಲ್ಲ. 2023ರ ಜೂನಿಂದ ಈ ಯೋಜನೆ ಇದೆ, ಮನೇಲಿ ಯಾರ ಹತ್ರಾನೂ ಬಸ್‌ಚಾರ್ಜ್ ಕೇಳದೇ, ಕಾರಣ ಹೇಳದೇ ಒಬ್ಳೇ ಆಸ್ಪತ್ರೆಗೆ ಹೋಗಿ ಬರ್ಬಹುದು ಅಂದ್ರೆ ಏನು ಅಂತ ಅವತ್ತು ಅರ್ಥ ಆಯ್ತು. ಎಲ್ಲಿ ಇಳಿದೆ ಅಂತ ಬರೆಯಲ್ಲ, ಹಾಸನ ಜಿಲ್ಲೆಲಿ ಎಂಟು ತಾಲೂಕಿದೆ. ದುಪಟ್ಟಾದಲ್ಲಿ ಮೂಗಿನವರೆಗೂ ಸುತ್ಕೊಂಡಿದ್ದೆ.

ಈಗ ರಿವ್ಯೂ ವಿಷ್ಯಕ್ಕೆ ಬರ್ತೀನಿ. ಮೊದ್ಲು ಕೊರತೆ ಹೇಳ್ಬಿಡ್ತೀನಿ. ಸುರಕ್ಷಾ ಕ್ಲಿನಿಕ್ ಎಲ್ಲಿದೆ ಅಂತ ಗೇಟಿಂದ ಒಳಗೆ ಎಲ್ಲೂ ಬಾಣದ ಗುರುತಿಲ್ಲ. ಚೀಟಿ ಮಾಡ್ಸೋ ಕೌಂಟರಲ್ಲಿ ಹಿಂದೆ ಹತ್ತು ಜನ ನಿಂತಿರೋವಾಗ ಏನು ತೊಂದ್ರೆ ಅಂತ ಕೇಳ್ತಾರೆ, ನಾನು ಚರ್ಮದ್ದು ಅಂದೆ. ನೀವೂ ಚರ್ಮದ್ದು ಅಂತಾನೇ ಹೇಳ್ಬಹುದು, ಅಥವಾ ಐಸಿಟಿಸಿ ಅಂತಷ್ಟೇ ಹೇಳಿ, ಅವ್ರಿಗೆ ಅರ್ಥ ಆಗುತ್ತೆ, ಹಿಂದೆ ನಿಂತೋರಿಗೆ ಬಹಳಷ್ಟು ಸಲ ಆಗಲ್ಲ. ಕಾಯೋ ಬೆಂಚು ಬೇರೆ ಓಪಿಡಿಗೆ ಹೋಗೋ ದಾರಿಲೇ ಇದೆ, ಓಡಾಡೋರೆಲ್ಲಾ ನೋಡ್ತಾರೆ. ಬೆಂಚನ್ನ ಆ ಮೂಲೆಗೆ ತಿರುಗಿಸಿ ಹಾಕಿದ್ರೂ ಸಾಕಾಗಿತ್ತು. ಸುಮಾರು ಮುಕ್ಕಾಲು ಗಂಟೆ ಕೂತಿದ್ದೆ, ಎರಡು ಸಲ ಎದ್ದು ಹೋಗೋಣ ಅನ್ಸಿತ್ತು.

ಆದ್ರೆ ಹೆಸರು ಕೂಗಲ್ಲ. ನಂಬರ್ ಕೂಗ್ತಾರೆ.

ಕೌನ್ಸೆಲರ್ ಮೇಡಮ್ಮಿಗೆ ಐವತ್ತರ ಹತ್ರ ವಯಸ್ಸಿರ್ಬಹುದು. ಬಾಗಿಲು ಹಾಕಿ, ಕೂತ್ಕೊಳಮ್ಮ, ನೀರು ಬೇಕಾ ಅಂದ್ರು. ಆಮೇಲೆ ಕೇಳಿದ ಮೊದಲ್ನೇ ಪ್ರಶ್ನೆ, ಯಾವತ್ತು ಆಗಿದ್ದು. ಯಾರ ಜೊತೆ ಅಂತಲ್ಲ, ಯಾಕೆ ಅಂತಲ್ಲ, ಮನೇಲಿ ಗೊತ್ತಾ ಅಂತಲ್ಲ. ಯಾವತ್ತು. ಫೆಬ್ರವರಿ 8 ಅಂದೆ. ಒಂದು ಚಿಕ್ಕ ಚೀಟಿ ತಗೊಂಡು 8 ಅಂತ ಬರೆದ್ರು. ಜುಮ್ ಅಂದಿದ್ದು ಯಾವತ್ತು, 16. ಗುಳ್ಳೆ ಕಂಡಿದ್ದು, 17. ರಕ್ತ ಕೊಟ್ಟಿದ್ದು, 18. ಇವತ್ತು 21. ಒಂದರ ಕೆಳಗೊಂದು ಬರೆದು ಚೀಟಿ ನನ್ನ ಕಡೆ ತಿರುಗಿಸಿದ್ರು. ನಾಲ್ಕು ದಿನದಿಂದ ನನ್ನ ತಲೆಲಿ ಒಂದೇ ಉಂಡೆ ಆಗಿದ್ದಿದ್ದು ಆ ಚೀಟಿ ಮೇಲೆ ಬಿಡಿಬಿಡಿಯಾಗಿ ಕಾಣ್ತು. ಈ ಸರ್ವೀಸಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಅನ್ಸಿದ್ದು ಇದೇ, ಅವ್ರು ನಡತೆ ವಿಚಾರಿಸಲ್ಲ, ತಾರೀಕು ವಿಚಾರಿಸ್ತಾರೆ, ಯಾಕಂದ್ರೆ ಒಂದೊಂದು ಕಾಯಿಲೆಗೂ ಅದ್ರದ್ದೇ ದಿನದ ಲೆಕ್ಕ ಇದೆ.

ಎಚ್‌ಐವಿದು ಮೊದ್ಲು ಹೇಳಿದ್ರು. ಅಪಾಯ ಆಗಿದೆ ಅನ್ನೋ ಅನುಮಾನ ಬಲವಾಗಿದ್ರೆ 72 ಗಂಟೆ ಒಳಗೆ ಬಂದ್ರೆ ಎಚ್‌ಐವಿ ಹತ್ಕೊಳ್ಳದ ಹಾಗೆ ತಡೆಯೋ ಪೆಪ್ ಅಂತ ಮಾತ್ರೆ ಶುರು ಮಾಡ್ತಾರೆ, 28 ದಿನ ತಗೋಬೇಕು. ನನಗೆ ಆ ಸಮಯ ಮುಗಿದಿತ್ತು, ಕಾಂಡೋಮ್ ಇದ್ದಿದ್ರಿಂದ ನನ್ನ ವಿಷ್ಯದಲ್ಲಿ ಅಪಾಯ ತುಂಬಾ ಕಮ್ಮಿ ಅಂದ್ರು, ಆದ್ರೆ ಈ 72 ಗಂಟೆ ಅನ್ನೋದು ನನಗೆ ಗೊತ್ತೇ ಇರ್ಲಿಲ್ಲ. ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ಕಾಂಡೋಮ್ ಹರಿದು ನಿನ್ನೆ ಮೊನ್ನೆ ಆಗಿದ್ರೆ ಓದೋದು ನಿಲ್ಸಿ ಈಗ್ಲೇ ಹೋಗಿ ದಯವಿಟ್ಟು. ಮೇಡಂ ನನಗೆ, ಇವತ್ತು ಟೆಸ್ಟ್ ಮಾಡೋಣ, ಆದ್ರೆ ಇವತ್ತಿನ ನೆಗೆಟಿವ್ ಕೊನೆ ಮಾತಲ್ಲ, ಮೂರು ತಿಂಗಳು ಕಳೆದ್ಮೇಲೆ ಇನ್ನೊಂದ್ಸಲ ಮಾಡ್ಬೇಕು ಅಂತ ಚೀಟಿ ಕೆಳಗೆ ಮೇ 9 ದಾಟಿದ ಮೇಲೆ ಅಂತ ಬರೆದ್ರು. ಆಮೇಲೆ ಒಪ್ಪಿಗೆ ಪತ್ರ ಓದ್ಸಿ ಸಹಿ ತಗೊಂಡ್ರು. 2017ರ ಎಚ್‌ಐವಿ ಏಡ್ಸ್ ಕಾಯ್ದೆ ಪ್ರಕಾರ ನಮ್ಮ ಒಪ್ಪಿಗೆ ಇಲ್ದೆ ಈ ಟೆಸ್ಟ್ ಮಾಡೋ ಹಾಗಿಲ್ಲ, ನಮ್ಮ ವಿಷ್ಯ ಹೊರಗೆ ಹೇಳೋ ಹಾಗೂ ಇಲ್ಲ, 2018ರಿಂದ ಜಾರಿಲಿದೆ. ನಿಮ್ಮ ಅಪ್ಪ ಅಮ್ಮ ಬಂದು ಕೇಳಿದ್ರೂ ನಾನು ಹೇಳಲ್ಲ ಅಂದ್ರು. ಆಗ ನಾನು ದುಪಟ್ಟಾ ತೆಗೆದೆ.

ಅಲ್ಲಿಂದ ಡಾಕ್ಟ್ರ ಹತ್ರ. ಅವ್ರು ಗ್ಲೌಸ್ ಹಾಕ್ಕೊಂಡು ಟಾರ್ಚ್ ಬಿಟ್ಟು ತುಟಿ ಹೊರಗೆ, ಒಳಗೆ, ನಾಲಿಗೆ ಕೆಳಗೆ, ಕುತ್ತಿಗೆ ಗಂಟು ಎಲ್ಲಾ ನೋಡಿದ್ರು. ಅಷ್ಟು ಹೊತ್ತಿಗೆ ನೀರುಗುಳ್ಳೆ ಒಡೆದು ಜೇನುತುಪ್ಪದ ಬಣ್ಣದ ಹೊಪ್ಪಳೆ ಕಟ್ತಿತ್ತು. ನೋವಿದ್ಯಾ, ಮೊದ್ಲು ಉರಿ ಇತ್ತಾ, ಒಂದೇ ಇತ್ತಾ ಗೊಂಚಲಿತ್ತಾ ಅಂತ ಕೇಳಿದ್ರು. ಇದು ತುಟಿ ಹರ್ಪಿಸ್ಸೇ, ಹಾಗೇ ಕಾಣ್ಸುತ್ತೆ, ಒಂದು ವಾರದಿಂದ ಎರಡು ವಾರದಲ್ಲಿ ತಾನೇ ಒಣಗಿ ಹೋಗುತ್ತೆ ಅಂದ್ರು. ನನಗೆ ಗೊತ್ತಿತ್ತು ಡಾಕ್ಟ್ರೇ, ಅವತ್ತೇ ಹತ್ಕೊಂಡಿದ್ದು ಅಲ್ವಾ ಅಂತ ಅತ್ತೇಬಿಟ್ಟೆ, ಫೋನಲ್ಲಿ ಆ ರಿಪೋರ್ಟ್ ತೋರಿಸ್ದೆ.

ಅವ್ರು ರಿಪೋರ್ಟ್ ನೋಡಿ ಕೌನ್ಸೆಲರ್ ಬರೆದ ಚೀಟಿ ಪಕ್ಕದಲ್ಲಿಟ್ರು. 8ರ ಮೇಲೆ ಬೆರಳಿಟ್ಟು, ಇದು ಆ ರಾತ್ರಿ. 18ರ ಮೇಲೆ ಬೆರಳಿಟ್ಟು, ಇದು ರಕ್ತ ಕೊಟ್ಟಿದ್ದು. ಮಧ್ಯೆ ಹತ್ತೇ ದಿನ. ಈ ಐಜಿಜಿ ಅನ್ನೋದು ವೈರಸ್ ಮೈಗೆ ಬಂದ ತಕ್ಷಣ ಕಾಣಲ್ಲ, ಸಾಮಾನ್ಯವಾಗಿ ಕೆಲವು ವಾರ ಬೇಕು, ಕೆಲವ್ರಿಗೆ ಇನ್ನೂ ಜಾಸ್ತಿ. ಹತ್ತು ದಿನಕ್ಕೇ ಇಷ್ಟು ಚೆನ್ನಾಗಿ ಪಾಸಿಟಿವ್ ಬಂದಿದೆ ಅಂದ್ರೆ ಇದು ಬಹುಶಃ ಹಳೇದು, ನಿನ್ನ ಮೈಯಲ್ಲಿ ಮೊದಲೇ ಇತ್ತು ಅಂದ್ರು. ಆಮೇಲೆ, ಮನೇಲಿ ಯಾರಿಗಾದ್ರೂ ಆಗಾಗ ಹೀಗೆ ತುಟಿಗೆ ಬರುತ್ತಾ ಅಂದ್ರು.

ಅಮ್ಮನಿಗೆ ಬರುತ್ತೆ. ವರ್ಷಕ್ಕೆ ಒಂದೆರಡು ಸಲ, ಜ್ವರ ಬಂದು ಹೋದ್ಮೇಲೆ, ಕಾಫಿ ಕೊಯ್ಲಿನ ಬಿಸಿಲಲ್ಲಿ, ಮದುವೆ ಮನೆ ಓಡಾಟ ಆದ್ಮೇಲೆ, ಅದೇ ಕೆಳತುಟಿ. ಉಷ್ಣದ ಗುಳ್ಳೆ ಅಂತ ತುಪ್ಪ ಹಚ್ಕೋತಾರೆ. ನಾನು ಹುಟ್ಟಿದಾಗಿಂದ ನೋಡಿದೀನಿ, ಆ ಬಾಯಿಂದಾನೇ ನನಗೆ ಮುತ್ತು ಕೊಟ್ಟಿದ್ದಾರೆ, ಅದೇ ಲೋಟದಲ್ಲಿ ಹಾಲು ಕುಡಿಸಿದ್ದಾರೆ. ಸರ್ಚ್ ಮಾಡಿದಾಗ ಬಂದ ಆ ಭಯಂಕರ ಪದ ನಮ್ಮನೇಲಿ ಉಷ್ಣ ಅನ್ನೋ ಹೆಸರಲ್ಲಿ ಇಷ್ಟು ವರ್ಷ ಇತ್ತು ಅಂತ ನನಗೆ ಹೊಳೆದೇ ಇರ್ಲಿಲ್ಲ.

ಡಾಕ್ಟ್ರು ಹೇಳಿದ್ದು, ಎಚ್‌ಎಸ್‌ವಿ 1 ಬಹಳ ಜನಕ್ಕೆ ಚಿಕ್ಕಂದಿನಲ್ಲೇ ಮನೆಯೋರಿಂದಾನೇ ಬಂದಿರುತ್ತೆ, ನರದ ಬುಡದಲ್ಲಿ ಸುಮ್ನೆ ಮಲಗಿರುತ್ತೆ, ಬಿಸಿಲು, ಜ್ವರ, ನಿದ್ದೆಗೆಡೋದು, ಟೆನ್ಷನ್ ಆದಾಗ ಏಳುತ್ತೆ, ಕೆಲವ್ರಿಗೆ ಜೀವನದಲ್ಲಿ ಒಂದ್ಸಲಾನೂ ಏಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಲ್ಲಿ 50 ವರ್ಷದೊಳಗಿನ 380 ಕೋಟಿ ಜನಕ್ಕೆ ಇದಿದೆ, ಅಂದ್ರೆ ನೂರಕ್ಕೆ ಸುಮಾರು 64. ಹಾಗಿರೋವಾಗ ತೊಂದ್ರೆ ಇಲ್ದಿರೋರಿಗೂ ಈ ರಕ್ತದ ಟೆಸ್ಟ್ ಬರೆದು ದಪ್ಪ ಅಕ್ಷರದಲ್ಲಿ ಕಳ್ಸಿದ್ರೆ ಹೆದರಿಕೆ ಬಿಟ್ಟು ಏನೂ ಸಿಗಲ್ಲ ಅಂದ್ರು. ಖಚಿತವಾಗಿ ಬೇಕಂದ್ರೆ ಗುಳ್ಳೆ ಹಸಿ ಇರೋವಾಗ್ಲೇ ಅದ್ರಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡ್ಸೋದು ಒಳ್ಳೇದಂತೆ. ನನ್ನದು ಒಣಗ್ತಿತ್ತು. ಬಹುಶಃ ಅಂದೆ ನೆನಪಿಟ್ಕೊ, ನೂರಕ್ಕೆ ನೂರು ಅನ್ನಲಿಲ್ಲ ಅಂತಾನೂ ಹೇಳಿದ್ರು. ಅದನ್ನ ಹಾಗೇ ಬಿಡಿಸಿ ಹೇಳಿದ್ದು ನನಗೆ ಇಷ್ಟ ಆಯ್ತು, ಸುಳ್ಳು ಸಮಾಧಾನ ಹೇಳಿದ್ರೆ ಮನೆಗೆ ಹೋಗಿ ಮತ್ತೆ ಸರ್ಚ್ ಮಾಡ್ತಿದ್ದೆ.

ಅವ್ರಿಗೆ ಹರ್ಪಿಸ್ಸಿಗಿಂತ ಹೆಚ್ಚು ಮನಸ್ಸಲ್ಲಿದ್ದಿದ್ದು ಸಿಫಿಲಿಸ್ ಅನ್ನೋ ಇನ್ನೊಂದು ಲೈಂಗಿಕ ಕಾಯಿಲೆ. ತುಟಿ ಮೇಲೂ ಬರ್ಬಹುದು ಅಂತ ನನಗೆ ಗೊತ್ತಿರ್ಲಿಲ್ಲ. ಅದ್ರ ಹುಣ್ಣು ಸಾಮಾನ್ಯವಾಗಿ ಒಂದೇ ಇರುತ್ತೆ, ಗಟ್ಟಿ ಅಂಚು, ನೋವೇ ಇರಲ್ಲ, ಸಂಪರ್ಕ ಆಗಿ 10ರಿಂದ 90 ದಿನದೊಳಗೆ ಯಾವಾಗ್ಲಾದ್ರೂ, ಸರಾಸರಿ ಮೂರು ವಾರಕ್ಕೆ ಬರುತ್ತೆ. ಕೆಟ್ಟದ್ದು ಏನಂದ್ರೆ ಔಷಧಿ ಇಲ್ದೇನೂ ಮೂರರಿಂದ ಆರು ವಾರದಲ್ಲಿ ಮಾಯ ಆಗುತ್ತೆ, ಜನ ವಾಸಿಯಾಯ್ತು ಅನ್ಕೋತಾರೆ, ಅದು ಒಳಗೆ ಉಳ್ಕೊಂಡು ವರ್ಷಗಳಾದ್ಮೇಲೆ ಹೃದಯ, ಮೆದುಳಿನವರೆಗೂ ಹೋಗುತ್ತೆ. ಶುರುವಲ್ಲೇ ಸಿಕ್ಕಿದ್ರೆ ಪೆನ್ಸಿಲಿನ್ ಇಂಜೆಕ್ಷನ್ನಿಂದ ಪೂರ್ತಿ ಗುಣ ಆಗುತ್ತೆ. ಹಾಗಾಗಿ ನೋವಿರೋ ಗುಳ್ಳೆಗೆ ಇಷ್ಟು ಹೆದರಿದ್ದೀಯ, ನೋವಿಲ್ದಿರೋ ಹುಣ್ಣು ಬಂದ್ರೆ ತಡ ಮಾಡ್ಬೇಡ ಅಂದ್ರು. ಆ ಟೆಸ್ಟಿಗೂ ರಕ್ತ ತಗೊಂಡ್ರು, ಅದನ್ನೂ ಮೇ ತಿಂಗಳಲ್ಲಿ ಇನ್ನೊಂದ್ಸಲ ಮಾಡ್ಬೇಕು.

ಇನ್ನು ತುಟಿ ಗುಳ್ಳೆ ಅಂತ ಅವ್ರ ಹತ್ರ ಬರೋರಲ್ಲಿ ಎಷ್ಟೋ ಜನಕ್ಕೆ ಇದ್ಯಾವುದೂ ಇರಲ್ವಂತೆ. ತುಟಿ ಅಂಚಲ್ಲಿ ಸಾಸಿವೆಗಿಂತ ಸಣ್ಣ ತಿಳಿಹಳದಿ ಚುಕ್ಕೆಗಳು ಇರ್ತಾವಲ್ಲ, ಅವು ಎಣ್ಣೆ ಗ್ರಂಥಿ, ಫೋರ್ಡೈಸ್ ಚುಕ್ಕೆ ಅಂತಾರೆ, ಮೊದ್ಲಿಂದಾನೂ ಇರುತ್ತೆ, ಹೆದರಿಕೆ ಬಂದ ದಿನ ಕನ್ನಡಿಲಿ ಕಾಣುತ್ತೆ. ತುಟಿ ಕಚ್ಚೋ ಅಭ್ಯಾಸ ಇರೋರಿಗೆ ಒಳಗಡೆ ಮೆತ್ತಗೆ ನೀಲಿಛಾಯೆ ಉಬ್ಬು ಬರುತ್ತೆ, ಉಗುಳಿನ ನಾಳ ಒಡೆದು ಹಾಗಾಗೋದು, ಅದಕ್ಕೂ ಸೆಕ್ಸಿಗೂ ಸಂಬಂಧಾನೇ ಇಲ್ಲ. ಅದಕ್ಕೇ ಫೋಟೋ ನೋಡಿ ಹೋಲಿಸ್ಬೇಡಿ, ತೋರಿಸಿ.

ಡಾಕ್ಟ್ರ ಟೇಬಲ್ ಮೇಲೆ ಬಿಳಿ, ಕೆಂಪು, ಹಸಿರು ಅಂತ ಬಣ್ಣ ಬಣ್ಣದ ಮಾತ್ರೆ ಕಿಟ್‌ಗಳಿದ್ವು, ಒಂದೊಂದು ಬಣ್ಣ ಒಂದೊಂದು ರೀತಿ ತೊಂದ್ರೆಗಂತೆ, ಎಲ್ಲಾ ಉಚಿತ. ನನಗೆ ಯಾವ್ದೂ ಕೊಡ್ಲಿಲ್ಲ. ಹರ್ಪಿಸ್ಸಿಗೆ ಕೊಡೋ ಅಸೈಕ್ಲೋವಿರ್ ಮಾತ್ರೆ ಮೊದಲ್ನೇ ಒಂದೆರಡು ದಿನದಲ್ಲಿ ಶುರು ಮಾಡಿದ್ರೆ ಪ್ರಯೋಜನ ಜಾಸ್ತಿ, ಈಗ ಒಣಗ್ತಿದೆ ಬೇಡ, ಮುಂದಿನ್ಸಲ ಜುಮ್ ಅಂದ ದಿನಾನೇ ಬಾ ಅಂದ್ರು. ಟ್ಯೂಬ್ ಬಿಸಾಕು, ಕೆರೀಬೇಡ, ಮುಟ್ಟಿದ್ರೆ ಕೈ ತೊಳಿ, ಆ ಕೈ ಕಣ್ಣಿಗೆ ತಾಗಿಸ್ಬೇಡ, ಲೋಟ, ಟವೆಲ್, ಲಿಪ್‌ಸ್ಟಿಕ್ ಹಂಚ್ಕೋಬೇಡ, ವಾಸಿ ಆಗೋವರೆಗೂ ಮುತ್ತು, ಓರಲ್ ಎರಡೂ ಬೇಡ, ಇದೇ ವೈರಸ್ ಬಾಯಿಂದ ಕೆಳಗೂ ಹೋಗುತ್ತೆ. ಬಿಸಿಲಿಗೆ ಹೋದ್ರೆ ತುಟಿಗೆ ಸನ್‌ಸ್ಕ್ರೀನ್ ಇರೋ ಬಾಮ್ ಹಚ್ಕೊ.

ಕೊನೇಲಿ ಎದ್ದು ಬರೋವಾಗ ಕೇಳಿದ್ರು, ಮನೇಲಿ ಎಳೆ ಮಗು ಇದ್ಯಾ ಅಂತ. ನನ್ನ ಕಾಲು ಅಲ್ಲೇ ನಿಂತ್ಬಿಡ್ತು. ಎರಡು ತಿಂಗಳ ಮಗು ಇದೆ ಅಂದೆ. ಮುತ್ತು ಕೊಟ್ಯಾ ಅಂದ್ರು. ಇಲ್ಲ ಡಾಕ್ಟ್ರೇ, ನನ್ನ ಭಯಕ್ಕೆ ನಾನು ಗುಳ್ಳೆ ಬಂದ ದಿನದಿಂದ ಮಗು ಹತ್ರಾನೇ ಹೋಗಿಲ್ಲ ಅಂದೆ. ಒಳ್ಳೇದು ಮಾಡ್ದೆ, ದೊಡ್ಡೋರಿಗೆ ಇದು ನಾಲ್ಕು ದಿನದ ಉರಿ, ಹುಟ್ಟಿದ ಹೊಸದರಲ್ಲಿ ಮಗೂಗೆ ಇದು ಜೀವಕ್ಕೇ ಅಪಾಯ ಆಗ್ಬಹುದು, ಹೊಪ್ಪಳೆ ಪೂರ್ತಿ ಬಿದ್ದು ಚರ್ಮ ಬರೋವರೆಗೂ ಮಗು ಮುಖದ ಹತ್ರ ಬಾಯಿ ತಗೊಂಡು ಹೋಗ್ಬೇಡ ಅಂದ್ರು. ಐದು ದಿನದಿಂದ ನನ್ನ ಮಾನ, ನನ್ನ ಮದುವೆ, ನನ್ನ ಬದುಕು ಅಂತ ಅಳ್ತಿದ್ದೆ. ಆ ಗುಳ್ಳೆಯಿಂದ ನಿಜವಾಗ್ಲೂ ತೊಂದ್ರೆ ಆಗ್ಬಹುದಾಗಿದ್ದಿದ್ದು ತೊಟ್ಟಿಲಲ್ಲಿ ಮಲಗಿರೋ ಆ ಮಗೂಗೆ ಅಂತ 4,800 ಕಟ್ಟಿಸ್ಕೊಂಡಲ್ಲಿ ಯಾರೂ ಹೇಳಿರ್ಲಿಲ್ಲ.

ಮಧ್ಯಾಹ್ನ ಎರಡೂ ಟೆಸ್ಟ್ ನೆಗೆಟಿವ್ ಅಂತ ಕೌನ್ಸೆಲರ್ ಮೇಡಮ್ಮೇ ಒಳಗೆ ಕರೆದು ಹೇಳಿದ್ರು. ಕಾಗದ ಕೈಗೆ ಕೊಟ್ಟು ಕಳ್ಸಲ್ಲ, ಕೂರಿಸಿ ಹೇಳ್ತಾರೆ. ಆ ಹುಡುಗನಿಗೂ ಒಂದ್ಸಲ ಟೆಸ್ಟ್ ಮಾಡ್ಸೋಕೆ ಹೇಳಮ್ಮ, ಬೈಯೋಕಲ್ಲ, ಅವ್ನ ಒಳ್ಳೇದಕ್ಕೆ ಅಂದ್ರು. ಬಸ್‌ಸ್ಟ್ಯಾಂಡಲ್ಲಿ ಕೂತು ಮೆಸೇಜ್ ಮಾಡ್ದೆ. ಎರಡು ದಿನ ಬಿಟ್ಟು ಉತ್ತರ ಬಂತು, ಬೆಂಗಳೂರಲ್ಲಿ ಮಾಡ್ಸಿದೀನಿ, ನೆಗೆಟಿವ್, ಹೇಳಿದ್ದಕ್ಕೆ ಥ್ಯಾಂಕ್ಸ್ ಅಂತ. ಅವ್ನೂ ಮೂರು ತಿಂಗಳಿಗೆ ಇನ್ನೊಂದ್ಸಲ ಮಾಡ್ಸ್ಬೇಕು ಅಂತ ಬರೆದು ಕಳ್ಸಿದೆ. ಅಷ್ಟೇ.

ಖರ್ಚು: ಬಸ್ಸಿಗೆ ಏನಿಲ್ಲ, ಟೆಸ್ಟಿಗೆ ಏನಿಲ್ಲ, ಹೊರರೋಗಿ ಚೀಟಿಗೆ ಚಿಲ್ಲರೆ, ಊಟಕ್ಕೆ ಅರವತ್ತು ರೂಪಾಯಿ. ಸಮಯ ಒಂದು ದಿನ ಪೂರ್ತಿ ಹೋಗುತ್ತೆ, ಬೆಳಗ್ಗೆ ಓಪಿಡಿ ಶುರುವಾಗೋ ಹೊತ್ತಿಗೆ ಅಲ್ಲಿರಿ, ತಡವಾದ್ರೆ ರಿಪೋರ್ಟಿಗೆ ಮತ್ತೆ ಬರ್ಬೇಕಾಗ್ಬಹುದು. ತಾರೀಕುಗಳನ್ನ ಮೊದ್ಲೇ ಬರ್ಕೊಂಡು ಹೋಗಿ, ಹಚ್ಚಿರೋ ಮುಲಾಮಿನ ಟ್ಯೂಬ್ ತಗೊಂಡು ಹೋಗಿ, ಗುಳ್ಳೆದು ಮೊದಲ್ನೇ ದಿನದ ಫೋಟೋ ಇದ್ರೆ ಅದೂ. ಕೆಲಸಕ್ಕೆ ಹೋಗೋರಿಗೆ ವಾರಕ್ಕೊಂದು ದಿನ ಆದ್ರೂ ಸಂಜೆ ಹೊತ್ತು ತೆಗೆದಿಟ್ರೆ ತುಂಬಾ ಜನ ಬರ್ತಾರೆ. ಆ ಬೆಂಚು, ಬೋರ್ಡು ಸರಿ ಮಾಡೋವರೆಗೂ ಐದಕ್ಕೆ ನಾಲ್ಕೂವರೆ ಸ್ಟಾರ್. ಒಳಗಿರೋರಿಗೆ ಪೂರ್ತಿ ಐದು.

ಮೇ 12ಕ್ಕೆ ಎರಡನೇ ಸಲ ಹೋದೆ, ದುಪಟ್ಟಾ ಸುತ್ಕೊಂಡಿರ್ಲಿಲ್ಲ. ಅದೇ ಮೇಡಂ, ನಾನು ಪರ್ಸಲ್ಲಿಟ್ಟಿದ್ದ ಆ ಚೀಟಿ ತೆಗೆದು ಕೊಟ್ಟೆ, ಮಡಿಚಿ ಮಡಿಚಿ ಹರಿಯೋ ಹಾಗಾಗಿತ್ತು. ಎರಡೂ ನೆಗೆಟಿವ್. ಕೊನೆ ತಾರೀಕಿನ ಮೇಲೆ ಒಂದು ಗೆರೆ ಎಳೆದು, ಇನ್ನು ಇದು ನಿನಗೆ ಬೇಡ ಅಂತ ಹರಿದು ಬುಟ್ಟಿಗೆ ಹಾಕಿದ್ರು.

ಮೊನ್ನೆ ಅಮ್ಮನಿಗೆ ಜ್ವರ ಬಂದು ಹೋಯ್ತು, ಮಾರನೇ ದಿನ ಕೆಳತುಟಿಲಿ ಅದೇ ಗೊಂಚಲು. ಮಗು ತೊಡೆ ಮೇಲಿತ್ತು. ಅಮ್ಮ, ಅದು ವಾಸಿಯಾಗೋವರೆಗೂ ಪುಟ್ಟಂಗೆ ಮುತ್ತು ಕೊಡ್ಬೇಡ ಅಂದೆ. ಉಷ್ಣ ಕಣೇ ಇದು, ಮಗೂಗೇನಾಗುತ್ತೆ ಅಂದ್ರು. ಉಷ್ಣಾನೂ ಹತ್ಕೊಳ್ಳುತ್ತಂತೆ ಅಮ್ಮ, ಡಾಕ್ಟ್ರು ಹೇಳಿದ್ರು ಅಂದೆ. ಯಾವ ಡಾಕ್ಟ್ರು ಅಂತ ಒಂದು ಕ್ಷಣ ನನ್ನ ಮುಖಾನೇ ನೋಡಿದ್ರು, ಇನ್ನೇನೂ ಕೇಳ್ಲಿಲ್ಲ, ಮಗೂನ ಎತ್ತಿ ನನ್ನ ಕೈಗೆ ಕೊಟ್ಟು ತುಪ್ಪದ ಡಬ್ಬಿ ಹುಡುಕೋಕೆ ಒಳಗೆ ಹೋದ್ರು.